ಹೆಮ್ಮಾಡಿಯಲ್ಲಿ ಮರಳಿ ಬಂದ ಮೇಷ್ಟ್ರು

ಬಿಜೂರಿನ ರತ್ನಕ್ಕನಿಗೆ ಪುರಾಣ ಓದುವುದಕ್ಕಿಂತ ಕೇಳುವುದೇ ಇಷ್ಟ. ಮಳೆಗಾಲದ ಆಸಾಡಿ ತಿಂಗಳಿಡೀ ಪಕ್ಕದ ಮನೆಯ ಪ್ರೇಮಾನಂದಯ್ಯ ದೀಪ ಹಚ್ಚಿ, ಪದ್ಯ ಹಾಡಿ, ಅರ್ಥ ಹೇಳುತ್ತಾರೆ. ರತ್ನಕ್ಕ ಕಂಬಕ್ಕೆ ಒರಗಿ, ಕೆಮ್ಮು ಬಂದರೂ ಸೆರಗಿನಲ್ಲಿ ಅದುಮಿಕೊಂಡು ಕೇಳುತ್ತಾರೆ. ಈ ವರ್ಷ ಆ ಸ್ವರವನ್ನು ಹಿಡಿದಿಟ್ಟುಕೊಳ್ಳಬೇಕೆಂದು ಸೊಸೆ ವಿನಯಾಳ ಮೊಬೈಲ್ ಒಯ್ದಿದ್ದರು.

ರೆಕಾರ್ಡ್ ಒತ್ತಿದರೆ ಮೊಬೈಲಿನಲ್ಲಿ ಜಾಗವೇ ಇಲ್ಲ. ತೆರೆದು ನೋಡಿದರೆ ಬಿಳಿ ಅಂಗಿಯ ಗಂಡಸೊಬ್ಬ, ಹಿಂದೆ ಕರಿಹಲಗೆ. ಅದರ ಕೆಳಗೆ ಅವನೇ, ಅದರ ಕೆಳಗೂ ಅವನೇ. ಒಬ್ಬನದ್ದೇ ಇಷ್ಟು ಫೋಟೋ ಯಾಕೋ! ಮೇಲಿನದೊಂದನ್ನು ಬಿಟ್ಟು ಉಳಿದವನ್ನೆಲ್ಲ ಅಳಿಸಿದರು. ಪೂರ್ತಿ ಅಳಿಸಲೇ ಎಂದು ಮೊಬೈಲ್ ಮತ್ತೊಮ್ಮೆ ಕೇಳಿದಾಗಲೂ ಹೂಂ ಎಂದು ಒತ್ತಿದರು. ಪುರಾಣ ಸೊಗಸಾಗಿ ಸಿಕ್ಕಿತು.

ಬೆಳಿಗ್ಗೆ ಗಂಜಿಗೆ ಕುಳಿತಾಗ ನೆನಪಾಗಿ ಕೇಳಿದರು. "ಹೆಣೆ, ನಿನ್ ಮೊಬೈಲಂಗೆ ಬಿಳಿ ಅಂಗಿ ಹಾಕಂಡ್ ನಿಂತವ್ರ್ ಯಾರೇ? ನಿಮ್ ಬದಿ ನೆಂಟ್ರಾ?"

"ಅಯ್ಯೋ ಅತ್ತೆ, ಅವ್ರ್ ಮೇಷ್ಟ್ರ್. ಆಯ್ತವಾರದ್ ಪರೀಕ್ಷಿಗೆ ನಂಗೆ ಅವ್ರೇ ಗತಿ."

ರತ್ನಕ್ಕನ ಕೈಯಲ್ಲಿದ್ದ ಮೊದಲ ತುತ್ತು ಅಲ್ಲೇ ನಿಂತಿತು. ವಿನಯಾ ಸಿವಿಲ್ ಡಿಪ್ಲೊಮಾ ಓದಿದವಳು. ಕಿರಿಯ ಇಂಜಿನಿಯರ್ ಪರೀಕ್ಷೆ ಬರೆಯಲು ಅವಳಿಗೆ ಇದೇ ಕೊನೆಯ ಸಲ. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಮನೆಗೆಲಸ ಬಿಟ್ಟು ಕೋಚಿಂಗಿಗೆ ಹೋಗಲಾಗದೆ, ಬ್ರಹ್ಮಾವರದ ತಾಯಿಮನೆಗೆ ಹೋದಾಗಲೆಲ್ಲ ನೆಟ್ಟಿನಿಂದ ಪಾಠದ ವಿಡಿಯೋಗಳನ್ನು ತುಂಬಿಸಿಕೊಂಡು ಬರುತ್ತಿದ್ದಳು. ಒಲೆಯ ಮುಂದೆ ಕಿವಿಗೆ ವಯರು ಸಿಕ್ಕಿಸಿಕೊಂಡು ಅವಳು ಕೇಳುತ್ತಿದ್ದದ್ದು ಸಿನಿಮಾ ಪದ್ಯವಲ್ಲ, ಇದು!

"ಹೆಣೆ, ನಾನ್ ಅವ್ರನ್ ಅಳ್ಸಿಬಿಟ್ಟೆ."

"ಎಂತ?"

"ಒಬ್ರದ್ದೇ ಅಷ್ಟ್ ಫೋಟೋ ಎಂತಕ್ಕಂತ... ಒಂದ್ ಇಟ್ಕಂಡೆ ಮಾರಾಯ್ತಿ, ಮುಖ ನೆನಪಿಗಿರ್ಲಿ ಅಂದೇಳಿ."

ವಿನಯಾ ಒದ್ದೆ ಕೈ ಒರೆಸಿಕೊಂಡು ಮೊಬೈಲ್ ತೆರೆದಳು. ಉಳಿದಿದ್ದು ಮೊದಲನೆಯ ಪಾಠ. "ಇದ್ರಂಗೆ ಪಾಠವೇ ಇಲ್ಲೆ ಅತ್ತೆ. ಅವ್ರ್ ನಮಸ್ಕಾರ ಹೇಳಿ, ನಾಳಿಂದ ಶುರು ಮಾಡ್ವ ಅಂದದ್ದ್ ಮಾತ್ರ." ಅವಳ ಭುಜ ಕುಲುಕಿತು. ಅಳುವೋ ನಗೆಯೋ ತಿಳಿಯದೆ ರತ್ನಕ್ಕ ಕಣ್ಣು ಮುಚ್ಚಿ ಕೊಲ್ಲೂರಿನ ಅಮ್ಮನನ್ನು ನೆನೆದರು.

ನಗೆಯೇ. "ನೀವ್ ಹೆದ್ರಬೇಡಿ. ಪಾಠ ಎಲ್ಲ ನೆಟ್ಟಂಗೆ ಹಾಂಗೇ ಇತ್ತ್. ಸೇತುವೆ, ರಸ್ತೆದ್ ಪಾಠ ಒಂದ್ ಕಡಿ, ಸಾಮಾನ್ಯ ಜ್ಞಾನ ಇನ್ನೊಂದ್ ಕಡಿ, ಹಳೆ ಪ್ರಶ್ನೆಪತ್ರಿಕೆಯೂ ಇತ್ತ್. ಯಾರ್ ಬೇಕಾರೂ ಕಾಣ್ಲಕ್ಕ್, ದುಡ್ಡಿಲ್ಲೆ."

"ನಾನ್ ಅಳ್ಸಿದ್ ಅಲ್ಲಿಗೆ ಮುಟ್ಲಿಲ್ಲ್ಯಾ?"

"ಇಲ್ಲೆ ಅತ್ತೆ!"

ಆದರೆ ಸಿಡಿಲು ಬಡಿದ ಮೇಲೆ ಊರಿನ ಟವರ್ ಸತ್ತು ಮಲಗಿದೆ. ಹೆಮ್ಮಾಡಿಯಲ್ಲಿ ಮಗ ಸುಧಾಕರನ ಹಾರ್ಡ್‌ವೇರ್ ಅಂಗಡಿಗೆ ಹೋಗಬೇಕು; ಅಲ್ಲಿ ವೈಫೈ ಇದೆ. "ನಾನೂ ಬತ್ತೆ" ಎಂದು ರತ್ನಕ್ಕ ಗಂಜಿ ಅಲ್ಲೇ ಬಿಟ್ಟು ಎದ್ದರು. ಬಸ್ಸಿನಲ್ಲಿ ಸೊಸೆ ಎಷ್ಟು ಹೇಳಿದರೂ ಅವರಿಗೆ ಧೈರ್ಯ ಬರಲಿಲ್ಲ. ಅಳಿಸಿದ್ದು ಮತ್ತೆ ಬರುವುದೆಂದರೇನು? ಕಣ್ಣಾರೆ ಕಾಣದೆ ನಂಬುವ ಮಾತಲ್ಲ.

"ಹ್ವಾಯ್, ಅತ್ತೆ ಸೊಸೆ ಒಟ್ಟಿಗೆ! ಮನಿ ಬಿದ್ದ್ ಹೋಯ್ತಾ?" ಸುಧಾಕರ ಪೈಪಿನ ರಾಶಿಯ ಹಿಂದಿನಿಂದ ಕೇಳಿದ. ವಿಷಯ ತಿಳಿದು ಅವನು ಪೇಂಟಿನ ಡಬ್ಬಿ ಹಿಡಿದುಕೊಂಡೇ ನಕ್ಕ. "ಪುಣ್ಯಕ್ಕೆ ನನ್ ಫೋಟೋ ಅಳ್ಸಲಿಲ್ಲ್ಯಲೆ ಅಮ್ಮ."

"ಜಾಗ ಸಾಲದಿದ್ರೆ ಅದೂ ಅಳ್ಸ್ತಿದ್ದೆ. ಸುಮ್ನಿರ್."

ವಿನಯಾ ಸ್ಟೂಲಿನ ಮೇಲೆ ಕುಳಿತು ಒತ್ತುತ್ತಾ ಹೋದಳು. ಬಿಳಿ ಅಂಗಿಯವರು ಬಂದರು. ಅವರ ಕೆಳಗೆ ಮತ್ತೆ ಅವರೇ, ಅದರ ಕೆಳಗೂ ಅವರೇ. ರತ್ನಕ್ಕನಿಗೆ ಹೋದ ದನ ಹಟ್ಟಿಗೆ ಬಂದಷ್ಟು ಹಗುರಾಯಿತು.

ಅರ್ಧದಲ್ಲಿ ಮತ್ತೆ ಅದೇ ಹಾಡು: ಜಾಗ ಇಲ್ಲ.

ರತ್ನಕ್ಕ ಮೊಬೈಲಿನತ್ತ ಬಗ್ಗಿದರು. "ಪ್ರೇಮಾನಂದಯ್ಯಂದ್ ತೆಗಿ, ಹೆಣೆ. ಬಪ್ಪ ವರ್ಷ ಕೇಂಡ್ರೆ ಆಯ್ತ್."

"ತೆಗೂದಿಲ್ಲೆ. ನಿಮ್ ಮಗನ್ ಮೊಬೈಲಿಗೆ ಹಾಕ್ತೆ."

"ನನ್ನದ್ರಂಗೆ ಎಲ್ಲಿತ್ತ್ ಜಾಗ?" ಎಂದ ಸುಧಾಕರ.

"ಕ್ರಿಕೆಟ್ ಅಷ್ಟ್ ತುಂಬ್ಸಿಟ್ಟೀರಿ. ಒಂದ್ ಇಟ್ಕಣಿ, ಮುಖ ನೆನಪಿಗೆ!"

ಮೂವರೂ ನಕ್ಕರು. ಪುರಾಣ ಅವನ ಮೊಬೈಲಿಗೆ ಹೋಯಿತು, ಪಾಠವೆಲ್ಲ ಇವಳದ್ದಕ್ಕೆ ಬಂತು. ಸರಿ ಬಂದಿದೆಯೋ ಎಂದು ವಿನಯಾ ಒಂದನ್ನು ಹಚ್ಚಿ ನೋಡಿದಳು. ಮೇಷ್ಟ್ರು ತೊಲೆಯ ಮೇಲೆ ಬೀಳುವ ಭಾರದ ಸೂತ್ರವನ್ನು ಒಮ್ಮೆ ಓದಿ, ನಿಂತು, ನಿಧಾನವಾಗಿ ಬಿಡಿಸಿ ಹೇಳಿದರು. ರತ್ನಕ್ಕನಿಗೆ ಏನೂ ತಿಳಿಯಲಿಲ್ಲ. ಆದರೂ ಸಿಮೆಂಟ್ ಚೀಲಕ್ಕೆ ಒರಗಿ, ಪಾಠ ಮುಗಿಯುವ ತನಕ ಕೆಮ್ಮನ್ನು ಸೆರಗಿನಲ್ಲಿ ಅದುಮಿಕೊಂಡರು.

"ಇವ್ರೂ ಓದಿ ಅರ್ಥ ಹೇಳೂ ಜನ್ವೇ. ಚಂದ ಹೇಳ್ತ್ರ್" ಎಂದರು. "ಆಯ್ತವಾರದ್ ವರಿಗೆ ಅಡ್ಗಿ ನಂದ್. ನೀ ಕೂಕಂಡ್ ಕೇಣ್."

ಆಗಲೇ ಅವರಿಗೆ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾದದ್ದು.

"ಸುಧಾಕರಾ, ಹೋಟ್ಲಂಗೆ ಬನ್ಸ್ ಇತ್ತಾ ಕಾಣ್. ನಂಗೆ ಎರಡ್."