ಗಾಜಿನೊಳಗಿನ ಅವ್ವ

ಭಾನುವಾರ ಮಧ್ಯಾಹ್ನ ಹೊಸಮನೆಯ ಕೃಷ್ಣಪ್ಪನವರು ಬಾಡಿಗೆಗೆ ತಂದ ಹಳೇ ಕಪ್ಪು-ಬಿಳುಪು ಸಿನಿಮಾದ ಕ್ಯಾಸೆಟ್ ಹಾಕಿದರು. "ಟಾಕೀಸಲ್ಲಿ ತಿಗಣೆ ಕೈಲಿ ಕಚ್ಚಿಸ್ಕೊಳ್ಳೋದಕ್ಕಿಂತ ಮನೇಲಿ ಕೋಡುಬಳೆ ಕಚ್ಕೊಂಡು ನೋಡೋದೇ ಸುಖ," ಎಂದು ಹೆಂಡತಿ ಸುವರ್ಣಮ್ಮನ ಪಕ್ಕ ಸೋಫಾದಲ್ಲಿ ಕೂತರು. ದಿನವೂ ಆ ಹಾಲ್‌ನ ನೆಲ ಒರೆಸುವ ದ್ಯಾಮಮ್ಮನಿಗೆ ಸಿನಿಮಾ ನೋಡಲು ಹೊಸ್ತಿಲಾಚೆ ಜಾಗ.

ಆ ಸಿನಿಮಾ ತೆಗೆದದ್ದು ಭದ್ರಾವತಿ ಪಕ್ಕದ ಗದ್ದೆಗಳಲ್ಲಿ. ನಾಟಿಯ ಹಾಡಿಗೆ ಅಲ್ಲಿನ ಕೂಲಿ ಹೆಂಗಸರನ್ನೇ ನಿಲ್ಲಿಸಿದ್ದರು. ದ್ಯಾಮಮ್ಮನ ಅವ್ವನೂ ನಿಂತಿದ್ದಳು. ಅವಳು ಸತ್ತು ವರ್ಷಗಳಾಗಿದ್ದವು. ಅವಳದೊಂದು ಫೋಟೋ ಯಾರ ಬಳಿಯೂ ಇರಲಿಲ್ಲ.

ಒಡೆಯನು ಬಡ ನಾಯಕಿಯನ್ನು ಮನೆಯಿಂದಾಚೆ ತಳ್ಳಿದಾಗ ಸುವರ್ಣಮ್ಮ ಬಿಕ್ಕಿ ಅತ್ತರು. "ಆಗಿನ ಪಿಕ್ಚರ್‌ಗಳಲ್ಲಿ ಕರುಳು ಇರ್ತಿತ್ತು ಕಣ್ರೀ."

ನಾಟಿಯ ಹಾಡು ಬಂತು.

"ಅಯ್ಯಾ, ಸ್ವಲ್ಪ ನಿಲ್ಸಿ. ಅದ್ರಾಗೆ ನಮ್ಮವ್ವ ಅದಾಳೆ."

ಕೃಷ್ಣಪ್ಪನವರು ನಗುತ್ತ ರಿಮೋಟ್ ಒತ್ತಿದರು. ಚಿತ್ರ ನಿಂತಿತು. "ನಿಮ್ಮವ್ವ ಯಾವುದೇ? ಎಲ್ಲಾ ಒಂದೇ ಥರ ಬಗ್ಗಿವೆ."

ದ್ಯಾಮಮ್ಮ ಹೊಸ್ತಿಲು ದಾಟಿದ್ದು ಅವಳಿಗೇ ತಿಳಿಯಲಿಲ್ಲ. ಟೀವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸಾಲಿನ ತುದಿಯಲ್ಲಿ ತಲೆಯೆತ್ತಿದ್ದ ಹೆಂಗಸಿನ ಕೆನ್ನೆ ಮುಟ್ಟಿದಳು. "ಇವ್ಳೇ."

"ಗಾಜಿನ ಮೇಲೆಲ್ಲ ಬೆರಳ ಗುರುತು ಮೂಡ್ತಲ್ಲೇ ಮಾರಾಯ್ತಿ," ಎಂದರು ಸುವರ್ಣಮ್ಮ, ನಾಯಕಿಗಾಗಿ ಸುರಿದ ಕಣ್ಣೀರು ಒರೆಸಿಕೊಳ್ಳುತ್ತ. "ಒಳಗೆ ಬೇರೆ ಬಂದ್ಬಿಟ್ಟೆ. ಒರೆಸಿ ಆಚೆ ಹೋಗು."

ದ್ಯಾಮಮ್ಮ ಸೆರಗಿನಿಂದ ಅವ್ವನ ಮುಖ ಒರೆಸತೊಡಗಿದಳು. ಕೃಷ್ಣಪ್ಪನವರು ಬೇಜಾರಾಗಿ ಹಾಡನ್ನು ಮುಂದಕ್ಕೆ ಓಡಿಸಿದರು. ಅವಳು ಸೆರಗು ತೆಗೆಯುವಷ್ಟರಲ್ಲಿ ಗದ್ದೆ ಮುಗಿದಿತ್ತು.