ಸಾಲು ಇನ್ನೂರ ಹನ್ನೆರಡು ಮತ್ತು ಬಸವನಹುಳುಗಳು

೧

ಎಲ್ಲಿಂದ ಶುರು ಮಾಡಲಿ? ಬಸವನಹುಳುಗಳಿಂದ ಶುರು ಮಾಡಿದರೆ ಕಥೆ ತೆವಳುತ್ತದೆ. ಗಿಟ್‌ನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಜಗಳದಿಂದಲೇ ಶುರು ಮಾಡೋಣ. ಪಕ್ಕದ ಮನೆಯಲ್ಲಿ ಜಗಳ ಎಂದರೆ ಕಿಟಕಿ ತೆರೆಯದವರು ಯಾರಿದ್ದಾರೆ?

(ಮೊದಲು ಬೇರೊಂದು ಆರಂಭವಿತ್ತು. ಅದರಲ್ಲಿ ಸೂರ್ಯ ಹುಟ್ಟುತ್ತಿದ್ದ. ಅಳಿಸಿದೆ. ನಮ್ಮ ಪ್ರಯೋಗಾಲಯ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಸೂರ್ಯನಿಗೇನು ಕೆಲಸ?)

೨

ಆ ಪ್ರಯೋಗಾಲಯದಲ್ಲಿ ಬಸವನಹುಳುಗಳ ತೊಟ್ಟಿ ನೋಡಿಕೊಳ್ಳುವವಳು ನಾನು. ಎಲ್ಲರಿಗೂ ಚಿಕ್ಕಮ್ಮ. ಹುಳುಗಳು ದೀಪದ ಕಡೆಗೆ ಹೋಗುತ್ತವೆ ಎಂದು ಇಬ್ಬರು ಸೇರಿ ವಿಜ್ಞಾನ ಪತ್ರಿಕೆಯೊಂದಕ್ಕೆ ಪೇಪರ್ ಬರೆಯುತ್ತಿದ್ದರು. ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ. ಹುಳುಗಳ ಚಿಪ್ಪಿಗೆ ಬಣ್ಣದ ಚುಕ್ಕಿಯಿಟ್ಟು ಗುರುತು ಮಾಡುತ್ತಾಳೆಂದು ಅವಳ ಹೆಸರೇ ಚುಕ್ಕಿಯಾಗಿತ್ತು. ಇನ್ನೊಬ್ಬ ಲೆಕ್ಕ ಹಾಕುವ ಅಂಕಿಯಣ್ಣ. ಶುಕ್ರವಾರ ಸಂಜೆ ಐದರೊಳಗೆ ಪೇಪರ್ ಹೋಗದಿದ್ದರೆ ಮುಂದಿನ ವರ್ಷ ಚುಕ್ಕಿಗೆ ಇಲ್ಲಿ ಮೇಜಿಲ್ಲ.

ಬರೆಯುವುದೆಲ್ಲ ಕಂಪ್ಯೂಟರಿನಲ್ಲಿ, ಗಿಟ್ ಎಂಬ ವ್ಯವಸ್ಥೆಯೊಳಗೆ. ಅದು ಏನನ್ನೂ ಮರೆಯದ ಅತ್ತೆಯಂತೆ: ಯಾರು ಯಾವ ಸಾಲನ್ನು ಯಾವತ್ತು ಮುಟ್ಟಿದರು, ಏನು ನೆಪ ಹೇಳಿದರು, ಎಲ್ಲ ಇಟ್ಟುಕೊಂಡಿರುತ್ತದೆ. ಏನೇ ಬದಲಿಸಿದರೂ ಒಂದು ಸಾಲಿನ ಕಾರಣ ಬರೆಯಲೇಬೇಕು. ಆಹಾರದ ಪಟ್ಟಿ ತುಂಬಲಿಕ್ಕೆಂದು ನನಗೂ ಅದರೊಳಗೆ ಪ್ರವೇಶ ಕೊಟ್ಟಿದ್ದರು.

ಸೋಮವಾರ ಪಟ್ಟಿ ತುಂಬಿದ ಮೇಲೆ ಪೇಪರನ್ನೂ ಓದಿದೆ. ಸಾಲು 212: 'ಹುಳುಗಳು ಬೆಳಕಿನತ್ತ ಚಲಿಸುತ್ತವೆ.' ನನಗೆ ನಗು ಬಂತು. ದೀಪವಿರುವ ಗೋಡೆಯೊಳಗೇ ತಣ್ಣೀರಿನ ಪೈಪಿದೆ. ಪೈಪು ಬೆವರಿ ಗೋಡೆಯೂ ಒದ್ದೆ, ತೊಟ್ಟಿಯ ಆ ಬದಿಯೂ ಒದ್ದೆ. ಹುಳುಗಳು ಹೋಗುವುದು ಆ ತೇವಕ್ಕೆ. ದಿನಾ ತೊಟ್ಟಿ ಒರೆಸುವ ಕೈಗೆ ಇದು ತಿಳಿಯುತ್ತದೆ. 'ಬೆಳಕಿನತ್ತ' ತೆಗೆದು 'ತೇವದತ್ತ' ಎಂದು ತಿದ್ದಿದೆ.

೩

ಮಂಗಳವಾರ ಅಂಕಿಯಣ್ಣ ಮೊದಲಿದ್ದಂತೆಯೇ ಮಾಡಿದ. ಕಾರಣ: 'ಚಿಕ್ಕಮ್ಮ ತಪ್ಪಿ ಏನೋ ಒತ್ತಿದ್ದಾರೆ.'

ನಾನು ಮತ್ತೆ ತಿದ್ದಿದೆ: 'ಬೇಕಂತಲೇ ಒತ್ತಿದ್ದು.'

ಅವನು: 'ಪುರಾವೆ ಇಲ್ಲ.'

ನಾನು: 'ಗೋಡೆಗೆ ಕೈ ಇಟ್ಟು ನೋಡು.'

ಅವನು: 'ಕೈ ಉಪಕರಣವಲ್ಲ.'

ನಾನು: 'ಮೊನ್ನೆ ನಿನಗೆ ಜ್ವರ ಇದೆಯಾ ಅಂತ ನೋಡಿದ್ದು ಯಾವುದರಲ್ಲಿ?'

ನಮ್ಮ ಮೇಜುಗಳ ನಡುವೆ ನಾಲ್ಕು ಹೆಜ್ಜೆ. ಬಾಯಿಬಿಟ್ಟು ಒಂದು ಮಾತಿಲ್ಲ. ಒಟ್ಟಿಗೆ ಚಹಾ ಕುಡಿದು, ಸೆಕೆ ಜಾಸ್ತಿಯಾಯಿತೆಂದು ಮಾತಾಡಿ, ಲೋಟ ತೊಳೆದಿಟ್ಟು, ಮತ್ತೆ ಹೋಗಿ ಸಾಲು 212ರ ಮೇಲೆ ಬೀಳುತ್ತಿದ್ದೆವು. ಬುಧವಾರ ಸಂಜೆಗೆ ಹದಿನೇಳು ಸಲ.

[ಹದಿನಾರು. ಒಂದು ಸಲ ನಿಮ್ಮ ಕಾಗುಣಿತ ತಿದ್ದಿದ್ದಷ್ಟೇ. — ಅಂಕಿ]

(ನೋಡಿದಿರಾ? ಈ ಕಥೆಯನ್ನೂ ಅದೇ ಗಿಟ್‌ನಲ್ಲಿ ಬರೆಯುತ್ತಿದ್ದೇನೆ. ಪಾತ್ರಗಳು ಚಪ್ಪಲಿ ಹಾಕಿಕೊಂಡೇ ಒಳಗೆ ಬರುತ್ತವೆ.)

೪

ಅಳಿಸಲಾಗಿದೆ. ಇಲ್ಲಿ ಅಂಕಿಯಣ್ಣನನ್ನು ಖಳನಾಯಕ ಮಾಡಿದ್ದೆ. ಅವನಿಗೆ ಒಗ್ಗಲಿಲ್ಲ, ಖಳನಾಯಕರು ಲೋಟ ತೊಳೆದಿಡುವುದಿಲ್ಲ.

೫

ಗುರುವಾರ ಬೆಳಿಗ್ಗೆ ಚುಕ್ಕಿ ಆ ಜಗಳವನ್ನೆಲ್ಲ ಓದಿ ತೊಟ್ಟಿಯ ಬಳಿ ಬಂದಳು.

"ಚಿಕ್ಕಮ್ಮ, ನಿಜ ಹೇಳಿ. ತೇವಾನೇನಾ?"

"ಹೌದು ಕಣೇ."

"ಹಾಗಾದ್ರೆ ಎರಡು ವರ್ಷದ ಕೆಲಸ ಹೋಯ್ತು. ನಾಳೆ ಐದು ಗಂಟೆಗೆ ಏನು ಕಳಿಸ್ಲಿ?"

ಅಷ್ಟು ದೂರ ನಾನು ಯೋಚಿಸಿರಲಿಲ್ಲ. ಸರಿ ಎನಿಸಿಕೊಳ್ಳುವ ಚಪಲಕ್ಕೆ ಬಿದ್ದು ಹುಡುಗಿಯ ಮೇಜಿಗೇ ಸಂಚಕಾರ ತಂದಿದ್ದೆ.

"ಯಾವ ಬದೀಲಿ ಎಷ್ಟು ಹುಳ ಇವೆ ಅಂತ ದಿನಾ ಪಟ್ಟೀಲಿ ಬರೀತಿದ್ನಲ್ಲೇ, ಅದು ಸಾಲದಾ?"

"ಹಳೆ ತಿಂಗಳ ಪಟ್ಟೀಲೆಲ್ಲೂ ಅಂಥ ಕಾಲಂ ಇಲ್ಲ ಚಿಕ್ಕಮ್ಮ."

ಅಂಕಿಯಣ್ಣ ಕುರ್ಚಿ ಸಮೇತ ನಮ್ಮತ್ತ ತಿರುಗಿದ. "ಇತ್ತು," ಅಂದ. "ಆಹಾರಕ್ಕೂ ಅದಕ್ಕೂ ಏನು ಸಂಬಂಧ ಅಂತ ತಿಂಗಳ ಕೊನೆಗೆ ನಾನೇ ತೆಗೀತಿದ್ದೆ."

"ಎಲ್ಲಾ ತಿಂಗಳೂ?"

"ಎಲ್ಲಾ ತಿಂಗಳೂ."

ಪ್ರತಿ ತಿಂಗಳೂ ಹೊಸ ಖಾಲಿ ಹಾಳೆಯಲ್ಲಿ ಆ ಕಾಲಂ ನಾನೇ ಹಾಕಿಕೊಳ್ಳುತ್ತಿದ್ದೆ, ಹಳೆಯ ಹಾಳೆ ತೆರೆದು ನೋಡುತ್ತಿರಲಿಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ತೆಗೆದದ್ದು ಇಲ್ಲಿ ಹೋಗಲ್ಲ, ಚಿಕ್ಕಮ್ಮ," ಎಂದು ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ತೆರೆಯತೊಡಗಿದ. ಆರುನೂರ ಮೂರು ದಿನಗಳ ಎಣಿಕೆ ಮೇಲೆ ಬಂತು. ನಡುವೆ ಹತ್ತೊಂಬತ್ತು ದಿನ ಬೇರೆಯೇ ಬರೆದಿದ್ದೆ: 'ಪೈಪ್ ರಿಪೇರಿ, ನೀರು ಬಂದ್. ಹುಳುಗಳು ಎಲ್ಲೆಂದರಲ್ಲಿ.'

ಆ ಹತ್ತೊಂಬತ್ತು ದಿನವೂ ದೀಪ ಉರಿಯುತ್ತಲೇ ಇತ್ತು.

ಚುಕ್ಕಿ ನಿಧಾನವಾಗಿ ಕೂತಳು. ಅಂಕಿಯಣ್ಣ ಲೆಕ್ಕ ಹಾಕಿದ. ಇನ್ನೊಮ್ಮೆ ಹಾಕಿದ. ಆಮೇಲೆ ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿ ನಿಂತ.

"ಎಷ್ಟು ತಣ್ಣಗಿದೆ," ಅಂದ.

[ಇದನ್ನು ಬೇಕಾದರೆ ಇಟ್ಟುಕೊಳ್ಳಿ. — ಅಂಕಿ]

೬

ಶುಕ್ರವಾರ ನಾಲ್ಕು ಐವತ್ತೆರಡಕ್ಕೆ ಪೇಪರ್ ಹೋಯಿತು. ಶೀರ್ಷಿಕೆಯಲ್ಲಿ ಬೆಳಕು ಹೋಗಿ ತೇವ ಬಂದಿತ್ತು. ಲೇಖಕರ ಸಾಲಿನಲ್ಲಿ ಮೂರನೆಯ ಹೆಸರು ನನ್ನದು. 'ನನಗೇಕೆ ಹೆಸರು, ತೆಗೆಯಿರಿ' ಎಂದೆನೆಂದು ಬರೆದರೆ ಕಥೆಗೆ ಶೋಭೆ. ಹಾಗೆ ಹೇಳಲಿಲ್ಲ. ಅಕ್ಷರಗಳು ಸರಿಯಿವೆಯೇ ಎಂದು ಎರಡು ಸಲ ನೋಡಿದೆ.

ಚುಕ್ಕಿಯ ಮೇಜು ಇದ್ದಲ್ಲೇ ಇದೆ. ಪತ್ರಿಕೆಯಿಂದ ಉತ್ತರ ಮಾತ್ರ ಬಂದಿಲ್ಲ.

ಗಿಟ್‌ನಲ್ಲಿ ಒಂದೇ ಬರಹವನ್ನು ಕವಲೊಡೆಸಿ ಬೇರೆಬೇರೆಯಾಗಿ ಬೆಳೆಸಬಹುದು. ಚುಕ್ಕಿ ತನ್ನ ಕವಲಿನಲ್ಲಿ ಈ ಕಥೆಗೊಂದು ಕೊನೆ ಬರೆದಿದ್ದಾಳೆ: ಪೇಪರ್ ಒಪ್ಪಿಗೆಯಾಗಿ ಎಲ್ಲರೂ ಕುಣಿಯುತ್ತಾರೆ. ಅಂಕಿಯಣ್ಣನ ಕವಲಿನಲ್ಲಿ ಪತ್ರಿಕೆಯ ಪರಿಶೀಲಕರು ಹನ್ನೊಂದು ತಪ್ಪು ಹುಡುಕುತ್ತಾರೆ, ಹನ್ನೊಂದೂ ನಿಜವಾದ ತಪ್ಪುಗಳೇ.

[ನಾನು ಕುಣಿಯಲ್ಲ. — ಅಂಕಿ]

[ಕುಣಿತೀರಿ. ಆಗಲೇ ಬರೆದಾಗಿದೆ. — ಚುಕ್ಕಿ]

[ಹಾಗಾದರೆ ಎಡಗಾಲು ಮಾತ್ರ. — ಅಂಕಿ]

ಕವಲುಗಳನ್ನು ಮತ್ತೆ ಒಂದಾಗಿ ಕೂಡಿಸಲು ಹೋದೆ, ಎರಡು ಕೊನೆಗಳೂ ಈಗ ಒಂದೇ ಜಾಗಕ್ಕೆ ಬಂದು ಕೂತಿವೆ. ಯಾವುದನ್ನು ಉಳಿಸಲಿ ಎಂದು ಪರದೆ ನನ್ನನ್ನು ಕೇಳುತ್ತಿದೆ. ಕೇಳುತ್ತಿರಲಿ. ಯಾವುದಾದರೂ ಒಂದನ್ನು ಒತ್ತಿದರೆ ಇವರಿಬ್ಬರೂ ಬರೆಯುವುದನ್ನು ನಿಲ್ಲಿಸಿಬಿಡುತ್ತಾರೆ.