ರಸ್ತೆಯ ಆಚೆ ಬದಿಗೆ ಸಮುದ್ರ

ನಮ್ಮನ್ನು "ನಿವೃತ್ತ ಕಲಾವಿದರು" ಎಂದು ಮೊದಲು ಕರೆದವರು ಊರಿನ ಪಾದ್ರಿ. ಅದಕ್ಕೂ ಮುಂಚೆ ಸೆಬು ಪಟ್ಟಣದಲ್ಲಿ ನಲವತ್ತು ವರ್ಷ ನಮ್ಮ ಹೆಸರು "ಬಣ್ಣದವರು" ಎಂದಷ್ಟೇ ಇತ್ತು. ಟಾಕೀಸುಗಳ ಮುಂದೆ ಮೂರು ಮಹಡಿ ಎತ್ತರದ ಸಿನಿಮಾ ಬೋರ್ಡು ಬರೆಯುವುದು ನಮ್ಮ ಕೆಲಸ. ಮುಖಗಳು ಮೆನೋಯ್‌ನವು. ಬೆಂಕಿ, ಹೊಗೆ, ಗುಂಡೇಟು ತಾಕ್ಯೋನವು. ಅಕ್ಷರಗಳು ನನ್ನವು. ಆಮೇಲೆ ಫ್ಲೆಕ್ಸ್ ಬಂತು. ಒಂದೇ ಮಳೆಗಾಲದಲ್ಲಿ ಮೂವರೂ ಕಲಾವಿದರಾಗಿಬಿಟ್ಟೆವು, ಅಂದರೆ ಕೆಲಸ ಹೋಯಿತು.

ಹುಟ್ಟಿದ ದ್ವೀಪ ಕಮಿಗಿನ್‌ಗೆ ವಾಪಸು ಬಂದೆವು. ಇಲ್ಲಿ ಊರುಗಳಿಗಿಂತ ಜ್ವಾಲಾಮುಖಿಗಳೇ ಹೆಚ್ಚು. ಮುದಿತನಕ್ಕೆ ಇದಕ್ಕಿಂತ ನೆಮ್ಮದಿಯ ಜಾಗ ಇಲ್ಲ ಎಂದು ನಮ್ಮನ್ನು ಎಳೆದುತಂದವನು ತಾಕ್ಯೋ. ಮೊದಲ ವರ್ಷ ಹಂದಿ ಸಾಕಿದೆವು. ಹಂದಿಗಳು ನಮಗಿಂತ ಬುದ್ಧಿವಂತವಾಗಿದ್ದವು. ಎರಡನೆಯ ವರ್ಷ ಬೂದಿಮಣ್ಣಿನಲ್ಲಿ ಏನು ನೆಟ್ಟರೂ ಬರುತ್ತದೆಂದು ತರಕಾರಿ ನೆಟ್ಟೆವು. ಎಲ್ಲರಿಗೂ ಬಂತು, ನಮಗೆ ಬರಲಿಲ್ಲ. ಮೂರನೆಯ ವರ್ಷ ತೆಂಗಿನ ಹೆಂಡ ಕುಡಿಯುತ್ತ, ಸೆಬುವಿನಲ್ಲಿ ಯಾವ ನಟನ ತಲೆ ಎಷ್ಟು ಅಡಿ ಇತ್ತು ಎಂದು ಜಗಳಾಡಿದೆವು. ಆ ಕಾಲದಲ್ಲಿ ನಾಯಕರ ಕಡೆಯವರು ಟೇಪು ಹಿಡಿದು ಬೋರ್ಡಿನ ತಲೆಗಳನ್ನು ಅಳೆಯುತ್ತಿದ್ದರು. ಖಳನಾಯಕನ ತಲೆ ಒಂದು ಗೇಣು ದೊಡ್ಡದಾದರೂ ರಾಮಾಯಣವೇ ಆಗುತ್ತಿತ್ತು. ನಮ್ಮ ಹೆಸರನ್ನು ಅಳೆಯಲು ಮಾತ್ರ ಯಾರೂ ಬರಲಿಲ್ಲ, ಏಕೆಂದರೆ ಬರೆದವರ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ.

ಆಗ ಪಾದ್ರಿ ಬಂದು, ಹಬ್ಬಕ್ಕೆ ಪ್ರಾರ್ಥನಾಮಂದಿರದ ಹೊರಗೋಡೆಯ ಮೇಲೆ ಊರಿನ ಸಂತ ಸಾನ್ ರೋಕೆಯ ಚಿತ್ರ ಬೇಕು, ತೊಡೆಯ ಹುಣ್ಣು, ಜೊತೆಗಿರುವ ನಾಯಿ ಎಲ್ಲ ಇರಬೇಕು ಎಂದರು. ಆ ವರ್ಷದ ಹಬ್ಬದ ಯಜಮಾನಿ ಕಾರಿದಾದ್, ನಮಗೆಲ್ಲ ದೋನ್ಯಾ, ಅಂದರೆ ಅಮ್ಮಾವ್ರು. ಹಬ್ಬದ ಖರ್ಚು ಹೊತ್ತವರದೇ ಮಾತು ನಡೆಯಬೇಕು. ಅವಳ ಹೆಸರು ಆಗಲೇ ಮಂದಿರದ ಬೆಂಚುಗಳ ಮೇಲಿತ್ತು, ಫ್ಯಾನಿನ ಮೇಲಿತ್ತು, ತೀರ್ಥದ ಬಟ್ಟಲ ಮೇಲಿತ್ತು. ಕಸದ ಬುಟ್ಟಿಯನ್ನೂ ಬಿಟ್ಟಿರಲಿಲ್ಲ.

"ನೋಡೇ ಓರ್ಯಾಂಗ್," ಎಂದಳು ನನಗೆ, "ನನ್ನ ಹೆಸರು ಬಾಗಿಲ ಪಕ್ಕ, ಕಣ್ಣಿನ ಮಟ್ಟಕ್ಕೆ ಬರ್ಬೇಕು. ಒಳಗೆ ಹೋಗೋರೂ ಓದ್ಬೇಕು, ಹೊರಗೆ ಬರೋರೂ ಓದ್ಬೇಕು."

"ಓದ್ತಾರೆ ದೋನ್ಯಾ. ಕುರುಡರಿಗೂ ಕೈಗೆ ಸಿಗೋ ಹಾಗೆ ಬರೀತೀನಿ."

ಅವಳಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಆಗ ಮೆನೋಯ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಪ್ಪತ್ತೆರಡರ ಮನುಷ್ಯ, ಬೈಗುಳ ತಿನ್ನಲು ನಿಂತ ಶಾಲೆಯ ಹುಡುಗನ ಹಾಗೆ ನಿಂತಿದ್ದ. "ಕೆಳಗೆ ಒಂದು ಮೂಲೇಲಿ ನನ್ನ ಹೆಸರು ಹಾಕ್ಕೊಳ್ಲಾ, ದೋನ್ಯಾ? ಸಣ್ಣಕ್ಕೆ."

ದೋನ್ಯಾ ಬಾಯ್ತುಂಬ ನಕ್ಕಳು. "ಹಬ್ಬದ ಹಂದಿ ಸುಟ್ಟೋನು ಹಂದಿ ಮೇಲೆ ಹೆಸರು ಬರ್ಕೋತಾನಾ? ಹೋಗಯ್ಯಾ."

ತಾಕ್ಯೋ ಕೂಡ ನಕ್ಕ. ಅವನಿಗೆ ಹಬ್ಬದ ಊಟ ಅವಳ ಮನೆಯಲ್ಲೇ ಇತ್ತು.

ಮೆನೋಯ್‌ನ ಕಣ್ಣಿನ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ಹತ್ತಿರದ್ದೆಲ್ಲ ಅವನಿಗೆ ಬರೀ ಮಂಜು. ತಟ್ಟೆಯಲ್ಲಿರುವುದು ಮೀನೋ ಬದನೆಕಾಯಿಯೋ ಬಾಯಿಗೆ ಹೋದ ಮೇಲೆ ತಿಳಿಯುತ್ತಿತ್ತು. ದೂರದ್ದು ಇನ್ನೂ ಕಾಣುತ್ತಿತ್ತು. ಅದೂ ಕ್ರಿಸ್‌ಮಸ್‌ವರೆಗೆ ಮಾತ್ರ ಎಂದು ಕಗಯಾನ್ ಪಟ್ಟಣದ ಡಾಕ್ಟರು ಹೇಳಿದ್ದರು. ಅವನು ನನ್ನನ್ನು, ತಂಗಿ ಎನ್ನುವ ಹಾಗೆ, ಇಂದಾಯ್ ಎನ್ನುತ್ತಿದ್ದ. ಮನೆಗೆ ನಡೆಯುವಾಗ ಮೆಲ್ಲಗೆ ಹೇಳಿದ: "ಎಷ್ಟು ಜನರ ಮುಖ ಬರೆದೆ, ಇಂದಾಯ್. ಒಂದರ ಕೆಳಗಾದ್ರೂ ನನ್ನ ಹೆಸರು ನನ್ನ ಕಣ್ಣಿಂದ ಓದ್ಬೇಕು ಅಂತಿತ್ತು. ಇರ್ಲಿ ಬಿಡು."

"ಇರ್ಲಿ ಬಿಡು" ಎಂದನಲ್ಲ, ಅದು ನನ್ನ ಮೈ ಉರಿಸಿತು.

ಕೆಲಸ ಶುರುವಾಯಿತು. ಗೋಡೆಗೆ ಚೌಕ ಚೌಕ ಗೆರೆ ಎಳೆದೆವು. ನಾನು ಚೌಕದ ಸಂಖ್ಯೆ ಕೂಗುವುದು, ಅವನು ಸಾರುವೆಯ ಮೇಲೆ ನಿಂತು ಲೆಕ್ಕದ ಮೇಲೆ ಬಣ್ಣ ಹಾಕುವುದು. ಕಣ್ಣಿಗಿಂತ ಕೈಗೆ ನೆನಪು ಹೆಚ್ಚು ಎನ್ನುತ್ತಿದ್ದ. ತಾಕ್ಯೋಗೆ ಆಕಾಶ ತುಂಬು ಎಂದರೆ ಸಂತನ ಬೆನ್ನಿಗೆ ಜ್ವಾಲಾಮುಖಿಯನ್ನೇ ಸಿಡಿಸಿದ. ಪಾಪ, ಅವನಿಗೆ ತಣ್ಣಗಿರುವ ಆಕಾಶ ಬರೆದು ಅಭ್ಯಾಸವಿಲ್ಲ. ಸಂತನ ಕಾಲಕೆಳಗಿನ ಕರಿಗಲ್ಲುಗಳನ್ನು ಮಾತ್ರ ನಾನು ಬರೆಯುತ್ತೇನೆ ಎಂದೆ. ಕಲ್ಲಿಗೆ ಯಾರು ಜಗಳಾಡುತ್ತಾರೆ? ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ಆಳಿಗಿಂತ ಎತ್ತರದ ಕಲ್ಲುಗಳನ್ನೇ ಅಕ್ಷರ ಮಾಡಿ, ಮೆನೋಯ್‌ನ ಪೂರ್ತಿ ಹೆಸರು ಬರೆದೆ. ಯಾರಿಗೂ ಹೇಳಲಿಲ್ಲ. ಅವನಿಗೂ ಹೇಳಲಿಲ್ಲ. ಅಷ್ಟು ಹತ್ತಿರದಲ್ಲಿ ನಿಂತರೆ ಅಕ್ಷರ ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ದೋನ್ಯಾಳ ಹೆಸರನ್ನು ಬಾಗಿಲ ಪಕ್ಕ, ಕಣ್ಣಿನ ಮಟ್ಟಕ್ಕೆ, ಅವಳು ಹೇಳಿದ ಹಾಗೆಯೇ ಮುದ್ದಾಗಿ ಬರೆದೆ.

ಮುಗಿದ ಚಿತ್ರವನ್ನು ಹಬ್ಬದವರೆಗೆ ಮುಚ್ಚಿಡಬೇಕಿತ್ತು. ದೋನ್ಯಾ ತನ್ನ ತಮ್ಮನ ಹಳೇ ಚುನಾವಣೆಯ ಫ್ಲೆಕ್ಸುಗಳನ್ನು ಕೊಟ್ಟು ಕಳಿಸಿದಳು. ಹೀಗೆ ಎರಡು ವಾರ ಸಂತನ ಮೇಲೆ ಅವಳ ತಮ್ಮ ಹಲ್ಲು ಕಿರಿದ.

ಹಬ್ಬದ ದಿನ ಪರದೆ ಎಳೆದು ತೆಗೆದರು. ಊರೆಲ್ಲ ಮೇಲೆ ನೋಡಿತು. ಆಮೇಲೆ ಮೀನು ಮಾರುವವಳೊಬ್ಬಳು ಕೇಳಿದಳು: "ಇದು ಸಾನ್ ರೋಕೆನಾ, ಲಾವಾನಾ?"

"ಸಂತನ ನಾಯಿ ಎಲ್ಲಿ?"

"ಅಗೋ, ಅದೇ ನಾಯಿ."

"ಥೂ, ಅದು ಗಡ್ಡ ಕಣೇ!"

ಆಗ ನನ್ನ ತಪ್ಪು ಗೊತ್ತಾಯಿತು. ಸೆಬುವಿನಲ್ಲಿ ಮೆನೋಯ್ ಬೋರ್ಡು ಬರೆಯುತ್ತಿದ್ದುದು ಎದುರು ಫುಟ್‌ಪಾತಿನಲ್ಲಿ ನಿಂತವರಿಗೆ. ಹತ್ತಿರದಿಂದ ಅವನ ಮುಖಗಳು ಬರೀ ನೇರಳೆ, ಹಸಿರು ತೇಪೆಗಳು. ರಸ್ತೆ ದಾಟಿ ತಿರುಗಿ ನೋಡಿದರೆ ನಾಯಕಿಯ ಕಣ್ಣಲ್ಲಿ ನೀರು. ಇಲ್ಲಿ ಮಂದಿರದ ಮುಂದೆ ಹತ್ತು ಹೆಜ್ಜೆ ಅಂಗಳ, ಒಂದು ಮೊಣಕಾಲೆತ್ತರದ ಕಟ್ಟೆ, ಅದರಾಚೆಗೆ ಸಮುದ್ರ. ಅಲ್ಲಿ ನಿಂತು ನೋಡುವವರು ಯಾರು? ನನ್ನ ಹುಚ್ಚು ಕಲ್ಲುಗಳಿಗೆ ಕಡಲಿನ ದೂರವನ್ನು ಅಳೆದವಳು ನಾನು, ಸಂತನಿಗೆ ಅಳೆಯುವುದನ್ನೇ ಮರೆತಿದ್ದೆ. ಅರವತ್ತಾರರಲ್ಲೂ ನನ್ನ ಬುದ್ಧಿ ಅಷ್ಟೇ.

ದೋನ್ಯಾಳ ಮುಖ ಕೆಂಡವಾಗಿತ್ತು. "ಮೆರವಣಿಗೆ ಮುಗಿಯೋದ್ರೊಳಗೆ ಸುಣ್ಣ ಕಲಸಿಡು, ತಾಕ್ಯೋ. ಆಮೇಲೆ ಪೂರ್ತಿ ಬಳಿದುಬಿಡು. ನನ್ನ ಹೆಸರು ಒಂದು ಬಿಟ್ಟು."

ನಮ್ಮ ಪ್ರಾಣಸ್ನೇಹಿತ ತಾಕ್ಯೋ ಬಕೀಟು ಹುಡುಕಿಕೊಂಡು ಹೋದ.

ಸಂತನ ಮೂರ್ತಿಯನ್ನು ದೋಣಿಯಲ್ಲಿಟ್ಟು ಕಡಲಲ್ಲಿ ಸುತ್ತಿಸುವುದು ನಮ್ಮಲ್ಲಿ ಹಬ್ಬದ ಮುಖ್ಯ ಭಾಗ. ಮುಂದಿನ ದೋಣಿಯಲ್ಲಿ ಮೂರ್ತಿ, ಪಾದ್ರಿ, ಬ್ಯಾಂಡು, ಮೈಕು ಹಿಡಿದ ದೋನ್ಯಾ. ಹಿಂದಿನ ದೋಣಿಯೊಂದಕ್ಕೆ ಮೆನೋಯ್‌ನನ್ನು ದಬ್ಬಿ ಹತ್ತಿಸಿದೆ. ಅವನು ದಡಕ್ಕೆ ಬೆನ್ನು ಹಾಕಿ ಕೂತ.

"ಕೈ ಕೊಟ್ಟಿತು, ಇಂದಾಯ್," ಎಂದ. "ಕಣ್ಣು ಹೋದ್ಮೇಲೆ ಕೈಗೇನು ಮಹಾ ನೆನಪಿರುತ್ತೆ."

"ಬಾಯ್ಮುಚ್ಕೊಂಡು ಕೂತ್ಕೋ ಮೆನೋಯ್," ಎಂದೆ. ನನಗೆ ಅಳು ಬರುವಂತಾಗಿತ್ತು.

ದೋಣಿಗಳು ದಡ ಬಿಟ್ಟು ದೂರ ಸಾಗಿದವು. ನಾನೇ ಮೊದಲು ತಿರುಗಿ ನೋಡಿದೆ. ತೇಪೆಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಸಾನ್ ರೋಕೆ ನಿಂತಿದ್ದ, ದಣಿದು ಬಂದ ನಮ್ಮೂರ ಕೂಲಿಯವನ ಮುಖ, ತೊಡೆಯಲ್ಲಿ ಹುಣ್ಣು. ಪಕ್ಕದಲ್ಲಿ ನಾಯಿ ನಿಜವಾಗಿಯೂ ನಾಯಿಯಾಗಿತ್ತು. ನಮ್ಮ ದೋಣಿಯವನು ಟೋಪಿ ತೆಗೆದ. ಪಾದ್ರಿ ಶಿಲುಬೆಯ ಗುರುತು ಹಾಕಿಕೊಂಡರು. ಬ್ಯಾಂಡಿನವರು ಬಾರಿಸುವುದನ್ನೇ ಮರೆತರು.

ದೋನ್ಯಾ ಮಾತ್ರ ಮೈಕು ಮರೆಯಲಿಲ್ಲ. "ನೋಡಿ! ಇದು ನನ್ನ ಹರಕೆ! ನಾನು ಕೊಟ್ಟ ಚಿತ್ರ! ನೋಡಿ, ಕೆಳಗೆ ನನ್ನ ಹೆಸರು ಎಷ್ಟು ದೊಡ್ಡದಾಗಿ... ಫಿ... ಫಿಲೊಮೆನೊ... ಎಬಾರ್ಲೆ..." ಧ್ವನಿವರ್ಧಕ ಇಡೀ ಕಡಲಿಗೆ ಓದಿ ಹೇಳಿತು. "ಯಾರಿದು ಫಿಲೊಮೆನೊ ಎಬಾರ್ಲೆ?"

"ಮೆನೋಯ್!" ಎಂದು ಹತ್ತು ದೋಣಿಗಳಿಂದ ಕೂಗು ಬಂತು. ಅವಳ ಸ್ವಂತ ಹೆಸರು ಅಲ್ಲಿಂದ ಇರುವೆ ಸಾಲಿನಷ್ಟೂ ಕಾಣುತ್ತಿರಲಿಲ್ಲ.

ಮಾರನೆಯ ದಿನ ಆ ಕಲ್ಲುಗಳ ಮೇಲೆ ಸುಣ್ಣ ಬಿತ್ತು, ನಿಜ. ಸಂತನನ್ನು ಮುಟ್ಟಲು ಪಾದ್ರಿ ಬಿಡಲಿಲ್ಲ. ಅವನೀಗ ಗಾಳಿಯಲ್ಲಿ ನಿಂತಿದ್ದಾನೆ, ಭಕ್ತರು ಅದನ್ನೂ ಪವಾಡ ಎನ್ನುತ್ತಾರೆ. ದೋನ್ಯಾ ಅಲ್ಲಗಳೆಯುವುದಿಲ್ಲ. ಆದರೆ ಅದು ಮಾರನೆಯ ದಿನದ ಮಾತು.

ದೋಣಿಯಲ್ಲಿ ನಾನು ಮೆನೋಯ್‌ನ ಹೆಗಲು ಹಿಡಿದು ದಡದತ್ತ ತಿರುಗಿಸಿದೆ. ಅವನು ಬೆರಳೆತ್ತಿ ಒಂದೊಂದೇ ಅಕ್ಷರ ತೋರಿಸುತ್ತ ಓದಿದ, ಒಂದನೇ ಕ್ಲಾಸಿನ ಮಗುವಿನಂತೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಂಡರೆ ಅಷ್ಟು ಹೊತ್ತು ಹೆಸರು ಕಾಣುವುದಿಲ್ಲವೆಂದು ಒರೆಸಿಕೊಳ್ಳಲೂ ಇಲ್ಲ. ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ, ಸುಳ್ಳೇಕೆ ಹೇಳಲಿ. ಹೊಗಳುತ್ತಾನೆಂದು ಕಾದು ಕೂತೆ.

ಅವನು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಹುಡುಕಿ, ನನ್ನ ಕಡೆ ತಿರುಗಿದ.

"ಅಕ್ಷರ ಬರೆದೋಳು ನೀನಲ್ವಾ? ನಿನ್ನ ಹೆಸರೆಲ್ಲೇ, ಇಂದಾಯ್?"

ನಾನೂ ಗೋಡೆಯತ್ತ ತಿರುಗಿ ಹುಡುಕಿದೆ. ನಲವತ್ತು ವರ್ಷ ಊರವರ ಹೆಸರೆಲ್ಲ ಬರೆದವಳಿಗೆ, ಬರೆಯಲು ನನ್ನದೂ ಒಂದಿದೆ ಎಂಬುದು ಹೊಳೆದೇ ಇರಲಿಲ್ಲ.